ಮನೆಯ ಕಲ್ಲಿನ ಗಿರಣಿಯಲ್ಲಿ ಹಿಟ್ಟು ಬಿಸಿಯಾಗಿ, ತರಿತರಿಯಾಗಿ ಬರುತ್ತಿದ್ದರೆ ಕಲ್ಲು ಬದಲಿಸಬೇಕೇ?

ಆರು ತಿಂಗಳು ಚೆನ್ನಾಗಿ ನಡೆದ ಗಿರಣಿಯಲ್ಲಿ ಈಗ ಕಾಳು ನಿಧಾನವಾಗಿ ಇಳಿಯುತ್ತಿದೆ, ಹಿಟ್ಟು ಬಿಸಿಯಾಗಿಯೂ ತರಿತರಿಯಾಗಿಯೂ ಬರುತ್ತಿದೆ, ಕಲ್ಲು ಸವೆದುಹೋಯಿತೇ ಎಂದು ನೀವು ಕೇಳಿದ್ದೀರಿ. ದಯವಿಟ್ಟು ಈಗಲೇ ಹೊಸ ಕಲ್ಲು ತರಿಸಬೇಡಿ. ಮನೆಬಳಕೆಯ ಗಿರಣಿಗಳ ಕಲ್ಲನ್ನು ಸಾಮಾನ್ಯವಾಗಿ ಕುರುಂದ ಎಂಬ ಬಹಳ ಗಡುಸಾದ ಖನಿಜದ ಹರಳುಗಳನ್ನು ಸೆರಾಮಿಕ್ ಅಂಟಿನಲ್ಲಿ ಬೆಸೆದು ಮಾಡಿರುತ್ತಾರೆ. ಒಂದು ಮನೆಗೆ ಬೇಕಾದಷ್ಟು ಹಿಟ್ಟು ಬೀಸಿದ ಮಾತ್ರಕ್ಕೆ ಅಂಥ ಕಲ್ಲು ಆರು ತಿಂಗಳಲ್ಲಿ ಸವೆಯುವುದಿಲ್ಲ. ನೀವು ಹೇಳಿದ ಮೂರು ಲಕ್ಷಣಗಳೂ ಒಟ್ಟಿಗೆ ಕಾಣಿಸಿಕೊಂಡಿದ್ದರೆ, ಕಲ್ಲಿನ ಮೈಗೆ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು.

ನನಗೂ ಇದೇ ಆಯಿತು. ಗೋಧಿಯನ್ನು ತೊಳೆದು, ಒಂದು ದಿನ ಬಿಸಿಲಿನಲ್ಲಿ ಹರವಿ, ಕೈಗೆ ಒಣಗಿದಂತೆ ತೋರಿದ್ದರಿಂದ ಸಂಜೆಯೇ ಬೀಸಲು ಹಾಕಿದೆ. ಕಾಳಿನ ಸಿಪ್ಪೆ ಒಣಗಿತ್ತು, ಒಳಗಿನ ತೇವ ಹಾಗೆಯೇ ಉಳಿದಿತ್ತು. ಹಿಟ್ಟು ತರಿಯಾಗತೊಡಗಿದಾಗ ನಾನು ಕಲ್ಲುಗಳನ್ನು ಇನ್ನಷ್ಟು ಬಿಗಿ ಮಾಡಿದೆ, ಅದೇ ದೊಡ್ಡ ತಪ್ಪು: ಬಿಗಿ ಹೆಚ್ಚಿದಂತೆ ಕಾವು ಹೆಚ್ಚಿತು, ಕಾವಿಗೆ ಒದ್ದೆ ಹಿಟ್ಟು ಕಲ್ಲಿನ ಗೀರುಗಳಲ್ಲಿ ಬೆಂದು ಕೂತಿತು, ಕೊನೆಗೆ ಸೀದ ವಾಸನೆ ಬಂದಾಗಲೇ ನಾನು ಗಿರಣಿ ನಿಲ್ಲಿಸಿದ್ದು. ಬಿಚ್ಚಿ ನೋಡಿದರೆ ಒರಟಾಗಿರಬೇಕಾಗಿದ್ದ ಕಲ್ಲು ಮೆರುಗೆಣ್ಣೆ ಬಳಿದಂತೆ ಹೊಳೆಯುತ್ತಿತ್ತು.

ನೀವೂ ಮೊದಲು ಪ್ಲಗ್ ಕಿತ್ತು, ಮೇಲಿನ ಕಲ್ಲನ್ನು ತೆಗೆದು, ಬೆರಳಿನಿಂದ ಸವರಿ ನೋಡಿ. ಒರಟು ಕೈಗೆ ಸಿಗದೆ, ಕಂದು ಬಣ್ಣದ ನುಣುಪಾದ ಪದರ ಕಂಡರೆ ಔಷಧ ಅಡುಗೆಮನೆಯಲ್ಲೇ ಇದೆ. ಗಿರಣಿಯನ್ನು ಮತ್ತೆ ಜೋಡಿಸಿ, ಕಲ್ಲುಗಳ ನಡುವೆ ಹೆಚ್ಚು ಅಂತರವಿಟ್ಟು, ಚೆನ್ನಾಗಿ ಒಣಗಿದ ಒಂದೆರಡು ಲೋಟ ಅಕ್ಕಿಯನ್ನು ಬೀಸಿ. ನಂತರ ಅಂತರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಇನ್ನೊಂದು ಲೋಟ ಹಾಕಿ. ಅಕ್ಕಿ ಗಟ್ಟಿ, ಅದರಲ್ಲಿ ಎಣ್ಣೆಯ ಅಂಶ ಬಹಳ ಕಡಿಮೆ, ಹೀಗಾಗಿ ಅದು ಮೆತ್ತಿಕೊಂಡದ್ದನ್ನು ಉಜ್ಜಿ ಹೊರಗೆ ತರುತ್ತದೆ. ಪದರ ದಪ್ಪವಾಗಿದ್ದರೆ ಎರಡು ಮೂರು ಸಲ ಹೀಗೆ ಮಾಡಬೇಕಾಗುತ್ತದೆ. ಈ ಅಕ್ಕಿಹಿಟ್ಟನ್ನು ತಿನ್ನಲು ಬಳಸಬೇಡಿ. ಕಲ್ಲನ್ನು ನೀರಿನಲ್ಲಿ ತೊಳೆಯುವ ಯೋಚನೆ ಮಾತ್ರ ಬೇಡವೇ ಬೇಡ. ಅದರ ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಂಡು, ಮುಂದಿನ ಸಲ ಹಾಕಿದ ಹಿಟ್ಟು ಇನ್ನೂ ಬಲವಾಗಿ ಅಂಟುತ್ತದೆ. ಒಣಗಿದ ಗಡುಸು ಬ್ರಷ್ಷೇ ಸಾಕು.

ಇಷ್ಟೆಲ್ಲ ಮಾಡಿ ಮತ್ತೆ ತೇವದ ಕಾಳನ್ನೇ ಹಾಕಿದರೆ ಒಂದು ವಾರದಲ್ಲಿ ಅದೇ ಸ್ಥಿತಿ ಬರುತ್ತದೆ. ಗೋಧಿಯ ತೇವಾಂಶ ಶೇಕಡಾ 12ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 14ನ್ನು ದಾಟಿದರೆ ಕಲ್ಲಿಗೂ ತೊಂದರೆ, ಶೇಖರಿಸಿಟ್ಟ ಕಾಳಿಗೆ ಬೂಸಲು ಹಿಡಿಯುವ ಭಯವೂ ಉಂಟು. ಮನೆಯಲ್ಲಿ ಅಳೆಯುವ ಉಪಕರಣ ಇಲ್ಲದಿದ್ದರೆ ಹಲ್ಲನ್ನೇ ನಂಬಬಹುದು: ಒಣಗಿದ ಕಾಳು ಕಟಕ್ಕೆಂದು ಒಡೆಯುತ್ತದೆ, ತೇವದ ಕಾಳು ಹಲ್ಲಿನಡಿ ಚಪ್ಪಟೆಯಾಗುತ್ತದೆ. ನಾನು ಈಗ ಕಾಳನ್ನು ತೊಳೆಯುವುದನ್ನೇ ಬಿಟ್ಟು, ಜರಡಿ ಹಿಡಿದು, ಕೇರಿ, ಕಲ್ಲು ಆರಿಸಿ ಬಳಸುತ್ತೇನೆ. ತೊಳೆಯಲೇಬೇಕೆಂದಿದ್ದರೆ ತೆಳ್ಳಗೆ ಹರವಿ, ಒಂದಕ್ಕಿಂತ ಹೆಚ್ಚು ದಿನ ಒಣಗಿಸಿ, ಬಿಸಿಲಿನಿಂದ ತಂದ ಕಾಳು ಪೂರ್ತಿ ತಣ್ಣಗಾದ ಮೇಲೆಯೇ ಬೀಸಿ. ಎಳ್ಳು, ಅಗಸೆ, ಶೇಂಗಾ ಮೊದಲಾದ ಎಣ್ಣೆಕಾಳುಗಳನ್ನು ಈ ಗಿರಣಿಗೆ ಹಾಕಲೇಬೇಡಿ, ಅವು ತೇವಕ್ಕಿಂತಲೂ ಬೇಗ ಕಲ್ಲನ್ನು ಕೆಡಿಸುತ್ತವೆ. ಕಾಳಿನೊಳಗೆ ಉಳಿದ ಒಂದು ಹರಳುಕಲ್ಲು ಗಿರಣಿಕಲ್ಲಿನ ಅಂಚನ್ನೇ ಚಕ್ಕೆ ಎಬ್ಬಿಸಬಲ್ಲದು; ಕಬ್ಬಿಣದ ಚೂರುಗಳಿಗಾಗಿ ಕಾಳಿನ ಮೇಲೆ ಒಮ್ಮೆ ಅಯಸ್ಕಾಂತ ಆಡಿಸುವುದು ಒಳ್ಳೆಯ ಅಭ್ಯಾಸ.

ನಡೆಸುವ ಕ್ರಮವೂ ಮುಖ್ಯ. ಮೊದಲು ಖಾಲಿ ಗಿರಣಿಯ ಮೋಟಾರು ಚಾಲೂ ಮಾಡಿ, ಕಲ್ಲುಗಳು ಒಂದನ್ನೊಂದು ಲಘುವಾಗಿ ಸೋಕುವ ಸದ್ದು ಕೇಳುವವರೆಗೆ ಹತ್ತಿರ ತಂದು, ಕೂಡಲೇ ಸ್ವಲ್ಪ ಹಿಂದಕ್ಕೆ ಸಡಿಲಿಸಿ, ಆಮೇಲೆ ಕಾಳು ಸುರಿಯಿರಿ. ನಿಲ್ಲಿಸುವಾಗ ಒಳಗಿನ ಕಾಳೆಲ್ಲ ಬೀಸಿ ಮುಗಿಯಲಿ, ಏಕೆಂದರೆ ಕಲ್ಲುಗಳ ನಡುವೆ ಕಾಳು ಸಿಕ್ಕಿಕೊಂಡಿರುವಾಗಲೇ ಮತ್ತೆ ಚಾಲೂ ಮಾಡಿದರೆ ಮೋಟಾರಿನ ಮೇಲೆ ಬಹಳ ಭಾರ ಬೀಳುತ್ತದೆ. ತೀರ ನುಣುಪಾದ ಹಿಟ್ಟು ಬೇಕಾದಾಗ ಒಂದೇ ಸಲ ಬಿಗಿ ಮಾಡಿ ಬೀಸುವುದರ ಬದಲು, ಮೊದಲು ತರಿ ಮಾಡಿ, ಆರಲು ಬಿಟ್ಟು, ಎರಡನೆಯ ಸಲ ನುಣ್ಣಗೆ ಬೀಸುವುದು ಕಲ್ಲಿಗೂ ಹಿಟ್ಟಿಗೂ ಹಿತ. ಹೊರಬಂದ ಹಿಟ್ಟು ಬೆಚ್ಚಗಿರುವುದು ಸಹಜ. ಮುಷ್ಟಿಯಲ್ಲಿ ಹಿಡಿಯಲಾರದಷ್ಟು ಸುಡುತ್ತಿದ್ದರೆ ಸಹಜವಲ್ಲ. ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವಾಟ್, ಅಷ್ಟು ಶಕ್ತಿಯ ಮೋಟಾರು ವಿದ್ಯುತ್ತನ್ನು ಅದಕ್ಕಿಂತ ಹೆಚ್ಚಾಗಿಯೇ ಎಳೆಯುತ್ತದೆ, ಆದ್ದರಿಂದ ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಗಿರಣಿ ನಡೆಸಬೇಡಿ. ಗಾಳಿಯಲ್ಲಿ ಹರಡಿದ ಹಿಟ್ಟಿನ ಧೂಳು ಹೊತ್ತಿಕೊಳ್ಳಬಲ್ಲದು, ಉರಿಯುವ ಒಲೆಯ ಪಕ್ಕದಲ್ಲಿಯೂ ಬೇಡ.

ಪ್ರತಿ ಸಲ ಬೀಸಿ ಮುಗಿದ ಮೇಲೆ ಒಳಗಿನ ಹಿಟ್ಟನ್ನು ಬ್ರಷ್ಷಿನಿಂದ ತೆಗೆಯಿರಿ. ಇಡೀ ಕಾಳಿನ ಹಿಟ್ಟಿನಲ್ಲಿ ಮೊಳಕೆಯ ಭಾಗದ ಎಣ್ಣೆ ಇರುವುದರಿಂದ ಮೂಲೆಯಲ್ಲಿ ಉಳಿದದ್ದು ಕಮಟು ವಾಸನೆ ಹಿಡಿದು, ಹುಳುಗಳಿಗೂ ನೆಲೆಯಾಗುತ್ತದೆ.

ನಿಮ್ಮದು ಕಲ್ಲಿನ ಬದಲು ಉಕ್ಕಿನ ಬ್ಲೇಡು ಮತ್ತು ಜಾಲರಿಯಿರುವ ಗಿರಣಿಯಾಗಿದ್ದರೆ ಅಕ್ಕಿಯ ಉಪಾಯ ಕೆಲಸಕ್ಕೆ ಬಾರದು. ಜಾಲರಿಯ ತೂತುಗಳು ಕಟ್ಟಿವೆಯೇ ಎಂದು ಮೊದಲು ನೋಡಿ. ಕಲ್ಲಿನದೇ ಆಗಿದ್ದು, ಮೂರು ಸಲ ಅಕ್ಕಿ ಬೀಸಿ ಕಲ್ಲು ಒರಟಾದ ಮೇಲೂ ಹಿಟ್ಟು ತರಿಯಾಗಿಯೇ ಬರುತ್ತಿದ್ದರೆ, ಎರಡೂ ಕಲ್ಲುಗಳು ಸಮವಾಗಿ ಕೂತಿವೆಯೇ, ಕಲ್ಲಿನ ಹಿಂದೆ ಹಿಟ್ಟು ಸೇರಿಕೊಂಡು ಒಂದು ಬದಿ ಎದ್ದಿದೆಯೇ ಎಂದು ಪರೀಕ್ಷಿಸಿ. ಅದೂ ಸರಿಯಿದ್ದಾಗ ಮಾತ್ರ ಹೊಸ ಕಲ್ಲಿನ ವಿಚಾರ ಮಾಡಿ.