ಜಗಲಿಯ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಹೊಸನಗರ ತಾಲ್ಲೂಕಿನ ಒಂಟಿಮನೆಯೊಂದರಲ್ಲಿ ವಾಸವಾಗಿದ್ದೇವೆ. ಒಂದು ನಾಯಿ, ಒಂದು ಬೆಕ್ಕು, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ತಳಿಯ ಹಸು ಮತ್ತು ಅದರ ಕರು, ಇಷ್ಟು ನಮ್ಮ ಸಂಸಾರ. ಬೆಂಗಳೂರಿನಲ್ಲಿರುವ ಮಗ ಪ್ರತಿ ಭಾನುವಾರ ಫೋನ್ ಮಾಡಿ "ಏನಮ್ಮಾ ವಿಶೇಷ?" ಎಂದು ಕೇಳುತ್ತಾನೆ. "ಏನಿಲ್ಲ ಮಗಾ, ಎಲ್ಲ ಮಾಮೂಲು" ಎಂದುಬಿಡುತ್ತೇನೆ. ವಾರವಿಡೀ ಸಂತೋಷವಾಗಿಯೇ ಇದ್ದವಳಿಗೆ ಹೇಳಲು ಒಂದು ಮಾತೂ ಇಲ್ಲವೇ ಎಂದು ಆಮೇಲೆ ಕಸಿವಿಸಿಯಾಗುತ್ತದೆ. ಇಂಥ ಸಣ್ಣ ಸಂಗತಿಗಳನ್ನು ಹೇಳಿಕೊಳ್ಳುವುದು ಹೇಗೆ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಸಾಗರದ ಹತ್ತಿರದ ನಮ್ಮ ಮನೆಯಲ್ಲಿಯೂ ಭಾನುವಾರದ ಫೋನಿಗೆ ಇದೇ ಉತ್ತರ ಹೋಗುತ್ತಿತ್ತು. ಮಾಮೂಲು ಎಂಬ ಆ ಒಂದು ಪದದೊಳಗೆ ಎಷ್ಟೆಲ್ಲ ಅಡಗಿದೆ ಎಂಬುದನ್ನು ನನ್ನದೇ ಒಂದು ಬೆಳಗಿನಿಂದ ಹೇಳುತ್ತೇನೆ.

ಪುಷ್ಯ ಮಳೆ ಹಿಡಿದರೆ ನಮ್ಮ ಬೆಕ್ಕು ಮಲಗುವುದು ಬಚ್ಚಲ ಒಲೆಯೊಳಗಿನ ಬೆಚ್ಚಗಿನ ಬೂದಿಯಲ್ಲಿ. ಆದ್ದರಿಂದ ಬೆಳಗ್ಗೆ ಬೆಂಕಿ ಹಾಕುವ ಮೊದಲು ಒಲೆಯ ಬಾಯಿಯನ್ನು ಕಟ್ಟಿಗೆಯಿಂದ ಎರಡು ಸಲ ತಟ್ಟುವುದು ನಮ್ಮ ಅತ್ತೆಯವರ ಕಾಲದಿಂದ ನಡೆದುಬಂದ ಪದ್ಧತಿ. ತಟ್ಟಿದ ಮೇಲೆ ಸ್ವಲ್ಪ ಕಾಯಬೇಕು. ಒಳಗಿನಿಂದ ಮೊದಲು ಒಂದು ಆಕಳಿಕೆ ಕೇಳಿಸುತ್ತದೆ, ಆಮೇಲೆ ಎರಡು ಕಿವಿಗಳು ಕಾಣಿಸುತ್ತವೆ, ಕೊನೆಗೆ ಮೀಸೆಗೆಲ್ಲ ಬೂದಿ ಮೆತ್ತಿಕೊಂಡ ಬೆಕ್ಕು ಹೊರಗೆ ಬಂದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಮೈ ಮುರಿದು, ನನ್ನ ಕಾಲಿಗೆ ಒಮ್ಮೆ ಒರಗಿ ಅಡುಗೆಮನೆಯ ಕಡೆಗೆ ನಡೆಯುತ್ತದೆ. ಸೀರೆಯ ಅಂಚಿಗೆ ಅಂಟಿದ ಆ ಬೂದಿಯನ್ನು ನಾನು ಕೂಡಲೇ ಕೊಡವುವುದಿಲ್ಲ. ಹಂಡೆಯ ನೀರು ಕಾಯುವಷ್ಟರಲ್ಲಿ ಕೊಟ್ಟಿಗೆಯಿಂದ ಕರುವಿನ ಕೂಗು ಬರುತ್ತದೆ. ಗಿಡ್ಡ ಹಸುಗಳ ಸ್ವಭಾವ ನಿಮಗೆ ಗೊತ್ತೇ ಇದೆ: ಕರು ಬಂದು ಕೆಚ್ಚಲಿಗೆ ಗುದ್ದಿ ನಾಲ್ಕು ಗುಟುಕು ಕುಡಿಯದೆ ತಾಯಿ ಸೊರೆ ಬಿಡುವುದಿಲ್ಲ. ಕರುವನ್ನು ಬಿಡಿಸಿ ತಾಯಿಯ ಮೂತಿಯ ಹತ್ತಿರ ಕಟ್ಟಿದರೆ, ಅದು ಕರುವಿನ ಕುತ್ತಿಗೆಯನ್ನು ನೆಕ್ಕುತ್ತ, ನನ್ನ ಕೈಗೆ ಹಾಲು ಬಿಡುತ್ತ ನಿಲ್ಲುತ್ತದೆ. ಕರುವಿನ ಪಾಲು ಬಿಟ್ಟ ಮೇಲೆ ನಮಗೆ ಉಳಿಯುವುದು ಕಾಫಿಗೆ ಮತ್ತು ಒಂದು ಹೊತ್ತಿನ ಮಜ್ಜಿಗೆಗೆ ಸಾಕಾಗುವಷ್ಟು ಮಾತ್ರ. ಮಲೆನಾಡು ಗಿಡ್ಡವನ್ನು ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿದ್ದು 2012ರಲ್ಲಿ. ನಮ್ಮ ಹಿರಿಯರಾದರೋ, ಸುರಿಯುವ ಮಳೆಯಲ್ಲಿಯೂ ಗುಡ್ಡ ಹತ್ತಿ, ಸಿಕ್ಕ ಸೊಪ್ಪು ಹುಲ್ಲು ತಿಂದು, ಸಂಜೆ ತಾನಾಗಿ ಮನೆಗೆ ಮರಳುವ ಈ ಚಿಕ್ಕ ದನದ ಬೆಲೆಯನ್ನು ಯಾವ ಮಾನ್ಯತೆಗೂ ಕಾಯದೆ ಅರಿತಿದ್ದರು.

ದೀಪಾವಳಿಯ ಗೋಪೂಜೆಯ ಸುದ್ದಿಯನ್ನು ಹೇಳುವುದು ಯಾರಿಗೂ ಕಷ್ಟವಲ್ಲ. ಮೈ ತೊಳೆದು, ಕೆಮ್ಮಣ್ಣು ಮತ್ತು ಸುಣ್ಣದ ಅಚ್ಚು ಒತ್ತಿ, ಅಡಿಕೆ ಪಚ್ಚೆತೆನೆಯ ಸರ ಕಟ್ಟಿದ ಹಸುವಿನ ಫೋಟೋವನ್ನು ಎಲ್ಲರೂ ಕಳುಹಿಸುತ್ತಾರೆ. ನಿಮ್ಮ ಮಗನಿಗೆ ತಲುಪದೆ ಉಳಿದಿರುವುದು ಹಬ್ಬವಿಲ್ಲದ ದಿನದ ಕೊಟ್ಟಿಗೆ. ಮುಂದಿನ ಭಾನುವಾರ ಅವನು ವಿಶೇಷ ಕೇಳಿದಾಗ ಇಡೀ ವಾರವನ್ನು ಹೇಳಲು ಹೋಗಬೇಡಿ. ಒಂದೇ ಒಂದು ಸಂಗತಿಯನ್ನು, ಅದು ನಡೆದ ಜಾಗ ಮತ್ತು ಹೊತ್ತಿನ ಸಮೇತ ಹೇಳಿ: ಕರು ಮೊದಲ ಸಲ ಅಂಗಳಕ್ಕೆ ಇಳಿದು ತನ್ನ ನೆರಳಿಗೇ ಬೆದರಿದ್ದು, ಗುಡುಗು ಬಂದ ಕೂಡಲೇ ನಾಯಿ ಬಂದು ಯಜಮಾನರ ಕಂಬಳಿಯೊಳಗೆ ಮೂತಿ ತೂರಿಸಿದ್ದು, ಇಂಥದ್ದು. ಹಸುವಿನ ಅಜ್ಜಿಯನ್ನು ಅವನು ಹುಡುಗನಾಗಿದ್ದಾಗ ಮೇಯಿಸಿದ್ದರೆ ಆ ಹಸುವಿನ ಹೆಸರನ್ನೂ ನೆನಪಿಸಿ, ಅದರ ಹಣೆಯ ಚುಕ್ಕೆ ಈ ಕರುವಿಗೂ ಬಂದಿದೆಯೇ ಎಂದು ನೋಡಿ ಹೇಳಿ. ನಾನು ಹೀಗೆ ಒಲೆಯ ಬೆಕ್ಕಿನ ವಿಷಯ ಹೇಳಿದ ದಿನ ನಮ್ಮ ಮಗಳು ಫೋನ್ ಇಡದೆ, ಅಜ್ಜಿ ಒಲೆಯನ್ನು ಎಷ್ಟು ಸಲ ತಟ್ಟುತ್ತಿದ್ದರು ಎಂದು ಕೇಳಿದಳು.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಕಾಡಿನ ಅಂಚಿನಲ್ಲಿದೆ. ಸಂಜೆ ತೋಟದಿಂದ ಬಂದು ನಾಯಿಯ ತಲೆ ಸವರುತ್ತ ಕೂರುವುದು ನನ್ನ ದಿನದ ಅತ್ಯಂತ ಪ್ರಿಯವಾದ ಗಳಿಗೆ. ಆದರೆ ಮಂಗನ ಕಾಯಿಲೆಯ ಭಯದಿಂದ ಅಮ್ಮ ನಾಯಿಯನ್ನು ಮುಟ್ಟಲೂ ಬಿಡುತ್ತಿಲ್ಲ. ಅವರ ಭಯ ಸರಿಯೇ?

ಉತ್ತರ: ನಿಮ್ಮ ತಾಯಿಯವರ ಭಯಕ್ಕೆ ಆಧಾರವಿದೆ, ಆದ್ದರಿಂದ ಅದನ್ನು ತಳ್ಳಿಹಾಕಬೇಡಿ. ಈ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮನುಷ್ಯರಿಗೆ ಮುಖ್ಯವಾಗಿ ದಾಟಿಸುವುದು ಉಣುಗು, ಅದರಲ್ಲಿಯೂ ಸಾಸಿವೆ ಕಾಳಿಗಿಂತ ಚಿಕ್ಕದಾದ ಎಳೆಯ ಉಣುಗು. ನಾಯಿಯನ್ನು ಮುಟ್ಟಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ನಾಯಿಯ ಮೈಮೇಲೆ ಕುಳಿತು ಮನೆಯೊಳಗೆ ಬರುವ ಉಣುಗಿನ ಬಗ್ಗೆ ಎಚ್ಚರ ಬೇಕು. ಮಳೆ ನಿಂತು ತರಗೆಲೆ ಒಣಗುವ ಕಾಲದಿಂದ ಮುಂದಿನ ಮಳೆಯವರೆಗೆ, ಅಂದರೆ ಸುಮಾರು ನವೆಂಬರ್ ತಿಂಗಳಿನಿಂದ ಮೇ ತಿಂಗಳವರೆಗೆ, ಈ ಎಚ್ಚರವನ್ನು ಒಂದು ದಿನವೂ ಬಿಡುವಂತಿಲ್ಲ.

ನೀವು ಹೇಳಿದ ಆ ಸಂಜೆಯ ಗಳಿಗೆಯೇ ಇದಕ್ಕೆ ಸರಿಯಾದ ಹೊತ್ತು. ನಾಯಿಯನ್ನು ಜಗಲಿಯ ದೀಪದ ಕೆಳಗೆ ಕೂರಿಸಿಕೊಂಡು, ಕೂದಲನ್ನು ಎದುರುಮುಖವಾಗಿ ಸವರುತ್ತ, ಕಿವಿಯ ಒಳಮಡಿಕೆ, ಕುತ್ತಿಗೆ ಪಟ್ಟಿಯ ಅಡಿ, ಮುಂಗಾಲಿನ ಕಂಕುಳು, ಬಾಲದ ಬುಡ, ಕೊನೆಗೆ ಬೆರಳುಗಳ ನಡುವಿನ ಸಂದು, ಹೀಗೆ ಒಂದೊಂದನ್ನೂ ನಿಧಾನವಾಗಿ ನೋಡಿ. ಮೊದಲ ವಾರ ಪಾದ ಎಳೆದುಕೊಳ್ಳುವ ನಾಯಿ ಆಮೇಲೆ ತಾನೇ ಪಾದ ಚಾಚುತ್ತದೆ. ನಮ್ಮ ಮನೆಯ ಮುದಿನಾಯಿ ಕಿವಿ ನೋಡುವಾಗ ಕಣ್ಣು ಮುಚ್ಚಿ ತಲೆಯ ಭಾರವನ್ನೆಲ್ಲ ನನ್ನ ಅಂಗೈಗೆ ಬಿಡುತ್ತದೆ. ಉಣುಗು ಸಿಕ್ಕರೆ ಕೈಗವಸು ಹಾಕಿಕೊಂಡು, ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು, ನೇರವಾಗಿ ಮೇಲಕ್ಕೆ ಎಳೆದು ಸಾಬೂನಿನ ನೀರಿಗೆ ಹಾಕಿ. ಉಗುರಿನಿಂದ ಕುಕ್ಕಿ ಒಡೆಯುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ. ಉಣುಗು ಹತ್ತದಂತೆ ಹಾಕುವ ಔಷಧಿಯನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಹೇಳಬೇಕು. ನಾಯಿಗೆಂದು ತಂದ ಔಷಧಿಯನ್ನು ಬೆಕ್ಕಿಗೆ ಹಚ್ಚಬಾರದು, ಅವುಗಳಲ್ಲಿ ಕೆಲವು ಬೆಕ್ಕಿನ ಪ್ರಾಣಕ್ಕೇ ಅಪಾಯ. ಹೋದಾಗ ರೇಬೀಸ್ ಲಸಿಕೆಯ ದಿನವನ್ನೂ ಕೇಳಿಕೊಂಡು ಬನ್ನಿ.

ಇನ್ನೊಂದು ವಿಷಯ. ಕೊಟ್ಟಿಗೆಗೆ ಹಾಸಲು ಕಾಡಿನಿಂದ ತಂದ ತರಗೆಲೆಯ ರಾಶಿಯೊಂದಿಗೆ ಉಣುಗೂ ಬರುತ್ತದೆ, ಮತ್ತು ಬೆಚ್ಚಗಿರುವ ಕಾರಣಕ್ಕೆ ನಾಯಿ ಹೋಗಿ ಮಲಗುವುದು ಆ ರಾಶಿಯ ಮೇಲೆಯೇ. ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಆ ಕಾಲದಲ್ಲಿ ತರಗೆಲೆ ತರದಿರುವುದೇ ಒಳ್ಳೆಯದು. ನಾಯಿಗೆ ಜಗಲಿಯ ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಕಾಡಿಗೆ ಹೋಗುವ ದಿನ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ, ಆಮೇಲೆ ನಾಯಿಯ ಹತ್ತಿರ ಕುಳಿತುಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿಗೆ ಕಾಯದೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಇಷ್ಟು ಕ್ರಮವನ್ನು ನೀವು ಪಾಲಿಸುವುದನ್ನು ಕಣ್ಣಾರೆ ಕಂಡರೆ ನಿಮ್ಮ ತಾಯಿಯವರ ಭಯ ಬಹುಮಟ್ಟಿಗೆ ಇಳಿಯುತ್ತದೆ ಎಂಬುದು ನನ್ನ ನಂಬಿಕೆ. ಚಿಮಟವನ್ನು ಅವರ ಕೈಗೇ ಕೊಟ್ಟು ನೋಡಿ.

ಪ್ರಶ್ನೆ: ನಮ್ಮ ಬೆಕ್ಕು ಅಟ್ಟದ ಮೇಲೆ ಮೂರು ಮರಿ ಹಾಕಿದೆ. ಮಕ್ಕಳು ನೋಡಿ ಬಂದ ಮರುದಿನವೇ ಮರಿಗಳನ್ನು ಬೇರೆಡೆಗೆ ಸಾಗಿಸಿತು. ಅದಕ್ಕೆ ನಮ್ಮ ಮೇಲೆ ನಂಬಿಕೆ ಹೋಯಿತೇ? (ಶಿಕಾರಿಪುರದ ಓದುಗರು)

ಉತ್ತರ: ಇಲ್ಲ, ಬೇಸರ ಮಾಡಿಕೊಳ್ಳಬೇಡಿ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ಗಂಡು ಬೆಕ್ಕಿನ ಕಾಟ, ಜನರ ಓಡಾಟ, ಹಳೆಯ ಜಾಗದಲ್ಲಿ ಉಳಿದ ವಾಸನೆ, ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಾಗಬಹುದು. ಮರಿಗಳು ಕಣ್ಣು ತೆರೆಯಲು ಒಂದರಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ಮಕ್ಕಳು ದೂರದಿಂದಲೇ ನೋಡಲಿ. ಮರಿಗಳಿಗೆ ಹಸುವಿನ ಹಾಲು ಕುಡಿಸಿದರೆ ಭೇದಿಯಾಗುತ್ತದೆ, ಆದ್ದರಿಂದ ಪ್ರೀತಿಯನ್ನೆಲ್ಲ ತಾಯಿಯ ತಟ್ಟೆಗೆ ಹಾಕಿ, ಹತ್ತಿರದಲ್ಲಿ ಒಂದು ಬಟ್ಟಲು ಶುದ್ಧವಾದ ನೀರಿಡಿ. ಅಟ್ಟದ ಏಣಿಯನ್ನು ತೆಗೆಯಬೇಡಿ. ನಾಲ್ಕೈದು ವಾರ ಕಳೆದ ಮೇಲೆ ಒಂದು ದಿನ ಅದು ಮೂರನ್ನೂ ಸಾಲಾಗಿ ಕರೆದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬರುತ್ತದೆ.