ಮುಂದೆ ಕೊರಗಬಾರದೆಂದರೆ ಈಗ ಕೆಲಸ ಬಿಡಬೇಕೇ?

ಬದುಕು ಚಿಕ್ಕದು, ಮುಂದೆ ಕೊರಗಬಾರದೆಂದರೆ ಈಗಲೇ ಕೆಲಸ ಬಿಟ್ಟು ದೇಶ ಸುತ್ತಲು ಹೊರಡಬೇಕೇ ಎಂದು ಕೇಳಿದ್ದೀರಿ. ನಾನು ನಿವೃತ್ತಿ ಹತ್ತಿರವಾಗುತ್ತಿರುವ ಸರ್ಕಾರಿ ನೌಕರ. ಉತ್ತರವೂ ಆ ವಯಸ್ಸಿನದೇ. ಈಗಲೇ ಮಾಡಬೇಕಾದ್ದು ಎಂದಾಗ ನಿಮಗೆ ಪ್ರವಾಸವೇ ಮೊದಲು ಏಕೆ ಹೊಳೆಯಿತು ಎಂಬುದು ನನಗೆ ಅರ್ಥವಾಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಈ ಕೊರಗನ್ನೇ ಅಧ್ಯಯನ ಮಾಡಿದರು. ಇತ್ತೀಚಿನ ದಿನಗಳ ಬಗ್ಗೆ ಕೇಳಿದರೆ ಜನ ಹೆಚ್ಚಾಗಿ ತಾವು ಮಾಡಿದ್ದನ್ನು ನೆನೆದು ನೊಂದುಕೊಳ್ಳುತ್ತಾರೆ. ಇಡೀ ಬದುಕಿನ ಬಗ್ಗೆ ಕೇಳಿದರೆ ಮಾಡದೆ ಬಿಟ್ಟದ್ದನ್ನು. ಮಾಡಿದ ತಪ್ಪಿಗೆ ಕ್ಷಮೆ ಕೇಳಬಹುದು, ದಂಡ ತೆರಬಹುದು, ಕೊನೆಗೆ ಬುದ್ಧಿ ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಮಾಡದೆ ಬಿಟ್ಟದ್ದು ಮುಗಿಯುವುದೇ ಇಲ್ಲ. ಕಲ್ಪನೆಯಲ್ಲಿ ಅದು ಸದಾ ಚೆನ್ನಾಗಿಯೇ ನಡೆದಿರುತ್ತದೆ. ಜೊತೆಗೆ, ಅಂದು ನಮ್ಮನ್ನು ತಡೆದ ಅಂಜಿಕೆ ಕಾಲ ಕಳೆದಂತೆ ಮಾಸಿಹೋಗುತ್ತದೆ. ಅಷ್ಟಕ್ಕೇ ಹಿಂಜರಿದೆನೇ ಎಂಬ ಪ್ರಶ್ನೆಯಷ್ಟೇ ಉಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಈಗಲೇ ಮಾಡಿ ಮುಗಿಸಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಂಪಿ ಎಲ್ಲಿಗೂ ಹೋಗುವುದಿಲ್ಲ. ಅರವತ್ತರ ಮಂಡಿನೋವಿನಲ್ಲೂ ವಿಜಯ ವಿಠ್ಠಲನ ಗುಡಿಯವರೆಗೆ ಬ್ಯಾಟರಿ ವಾಹನವಿದೆ. ಇನ್ನೊಬ್ಬರ ಆಯುಸ್ಸನ್ನು ಅವಲಂಬಿಸಿದ ಕೆಲಸಗಳು ಹಾಗಲ್ಲ. ನನ್ನ ತಾಯಿಗೆ ಬೀಸುವ ಪದಗಳು ಬಾಯಿಪಾಠ. ಒಮ್ಮೆ ರಜೆ ಹಾಕಿ, ಎದುರು ಕುಳಿತು, ಅವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ನಡುವೆ ಕುಕ್ಕರ್ ಕೂಗುವುದೂ "ಸಾಕು ಬಿಡಪ್ಪ, ಗಂಟಲು ಒಣಗಿತು" ಎಂದು ಅವರು ಗದರುವುದೂ ಅದರಲ್ಲಿವೆ.

ಅಂದೇ ಇನ್ನೊಂದು ವಿಷಯವನ್ನೂ ಧೈರ್ಯಮಾಡಿ ಕೇಳಿದೆ: ಮಾತಾಡಲಾಗದ ಸ್ಥಿತಿ ಬಂದು, ಚೇತರಿಕೆಯ ಆಸೆಯೂ ಇಲ್ಲದಿದ್ದರೆ ವೆಂಟಿಲೇಟರ್ ಬೇಕೇ, ಬೇಡವೇ? ಅಮ್ಮ ನನಗಿಂತ ನಿರಾಳವಾಗಿ ಉತ್ತರಿಸಿದರು. ಇದನ್ನು ಕೇಳದೆ ಬಿಟ್ಟ ಮನೆಗಳನ್ನು ನೆಂಟರಲ್ಲೇ ಕಂಡಿದ್ದೇನೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಒಡಹುಟ್ಟಿದವರು ಜಗಳವಾಡುತ್ತಾರೆ. ಆಮೇಲೆ, ಯಾವ ನಿರ್ಧಾರ ತೆಗೆದುಕೊಂಡಿದ್ದರೂ, ಅದರ ಬಗ್ಗೆ ವರ್ಷಗಟ್ಟಲೆ ಕೊರಗುತ್ತಾರೆ. ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು: ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಅಮ್ಮನದರ ಜೊತೆಗೆ ನನ್ನದನ್ನೂ ಬರೆಸಿದೆ. ಅಪಶಕುನದ ಮಾತೆಂದು ಹೆಂಡತಿ ಎರಡು ದಿನ ಮುನಿಸಿಕೊಂಡಿದ್ದಳು, ಅದು ಬೇರೆ ಕಥೆ.

ಆದ್ದರಿಂದ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಕೇಳಬೇಕಾದದ್ದನ್ನು ಮೊದಲು ಕೇಳಿಕೊಳ್ಳಿ. ಪ್ರವಾಸಕ್ಕೂ ಹೋಗಿ ಬನ್ನಿ. ಆದರೆ ರಾಜೀನಾಮೆ ಬರೆಯುವ ಮುನ್ನ ನಿಮ್ಮ ಲೆಕ್ಕದಲ್ಲಿ ಗಳಿಕೆ ರಜೆ ಎಷ್ಟು ಬಾಕಿಯಿದೆ ಎಂದು ಕಚೇರಿಯಲ್ಲಿ ವಿಚಾರಿಸಿ.