ಕಾಸರಗೋಡಿನ ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ವಾರದ ಟೈಂಟೇಬಲ್‌ನಲ್ಲಿ ಸಮಸ್ಯೆ ಬಿಡಿಸುವುದನ್ನು ಕಲಿಸಲು ಸಮಯ ಎಲ್ಲಿದೆ?

ಬೇರೆ ಪೀರಿಯಡ್ ಹುಡುಕಬೇಡಿ, ಸಿಗುವುದಿಲ್ಲ. ಇರುವ ಗಣಿತ ಪೀರಿಯಡ್‌ಗಳಲ್ಲಿ ವಾರಕ್ಕೆ ಒಂದನ್ನು ಇದಕ್ಕೇ ಬಿಡಿ. ಶುಕ್ರವಾರ ಬೇಡ, ಜುಮಾ ನಮಾಜಿಗಾಗಿ ಮಧ್ಯಾಹ್ನದ ಬಿಡುವು ಉದ್ದ, ಆಮೇಲೆ ಮಕ್ಕಳು ಕೂರುವುದೇ ಕಷ್ಟ. ಯಾವ ಲೆಕ್ಕ ಕೊಡುವುದೆಂದು ಎಸ್‌ಆರ್‌ಜಿ (ಶಾಲೆಯ ಶಿಕ್ಷಕರ ಗುಂಪು) ಸಭೆಯಲ್ಲಿ ಐದು ನಿಮಿಷ ಮಾತಾಡಿದರೆ ಸಾಕು.

ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಹೇಳಿದ ಹೆಜ್ಜೆಗಳು ನಾಲ್ಕು: ಅರ್ಥಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಮಾಡುವುದು, ತಿರುಗಿ ನೋಡುವುದು. ನಾವು ಮೇಷ್ಟ್ರುಗಳು ಸೀದಾ ಮೂರನೆಯದಕ್ಕೆ ಹಾರುತ್ತೇವೆ, ಅಲ್ವಾ?

ಉದಾಹರಣೆಗೆ, 10 ಅಡಿಕೆ ಸಸಿಗಳನ್ನು 9 ಅಡಿ ಅಂತರದಲ್ಲಿ ಸಾಲಾಗಿ ನೆಟ್ಟರೆ ಮೊದಲ ಸಸಿಯಿಂದ ಕೊನೆಯದಕ್ಕೆ ಎಷ್ಟು ದೂರ? ತುಂಬಾ ಮಕ್ಕಳು ಥಟ್ಟನೆ 90 ಅನ್ನುತ್ತಾರೆ. ತಿದ್ದಬೇಡಿ. ಚಿತ್ರ ಬರೆಯಲು ಹೇಳಿ. ನಡುವೆ ಇರುವ ಜಾಗ ಒಂಬತ್ತೇ, ಉತ್ತರ 81 ಎಂದು ಅವರೇ ಕಂಡುಕೊಳ್ಳಲಿ.